ರೊಸಾರಿಯೊದ ಗುಮ್ಮಟವನ್ನು ನಾನು ನೋಡಲು ಕಲಿತದ್ದು

ನನಗೆ ಹಳೆಯ ಕಟ್ಟಡಗಳ ಚಿತ್ರ ಬಿಡಿಸುವ ಹುಚ್ಚು. ಮಂಗಳೂರಿನ ರೊಸಾರಿಯೊ ಕೆಥೆಡ್ರಲ್‌ಗೆ ಮೊದಲ ಸಲ ಹೋದಾಗ ಸ್ಟೇಟ್‌ಬ್ಯಾಂಕ್ ಹತ್ತಿರ ಬಸ್ ಇಳಿದು ನೇರ ಬಾಗಿಲಿಗೇ ನಡೆದೆ. ಅದೇ ತಪ್ಪಾಯಿತು. ಮುಂದಿನ ಗೋಡೆಗೆ ಹತ್ತಿರವಾದಷ್ಟೂ ಹಿಂದಿನ ಗುಮ್ಮಟ ಮರೆಯಾಗುತ್ತದೆ. ಹೇಗೋ ಬರೆದೆ. ಕಟ್ಟಡದ ಮೇಲೆ ಯಾರೋ ಟೋಪಿ ಇಟ್ಟ ಹಾಗಿತ್ತು ಆ ಚಿತ್ರ.

ಎರಡನೇ ಸಲ ಅಪ್ಪನನ್ನು ಕರೆದುಕೊಂಡು ಹೋದೆ. ಅವರು ಮೇಸ್ತ್ರಿ ಕೆಲಸದಲ್ಲಿ ಆಯುಷ್ಯ ಕಳೆದವರು. ಗೇಟಿನ ಹೊರಗೇ ನಿಂತುಬಿಟ್ಟರು. "ಒಳಗೆ ಆಮೇಲೆ ಹೋಗುವ. ಮೊದಲು ದೂರದಿಂದ ಇಡೀ ನೋಡುವ."

ನಮ್ಮ ಕಡೆಯ ಹಳೆಯ ಕಟ್ಟಡಗಳಿಗೆಲ್ಲ ಇಳಿಜಾರಿನ ಹಂಚಿನ ಮಾಡು. ಮನೆಯಾಗಲಿ, ದೇವಸ್ಥಾನವಾಗಲಿ, ಇಲ್ಲಿನ ಮಳೆ ಕೇಳುವುದೇ ಅದನ್ನು. ಅಂಥ ಊರಿನಲ್ಲಿ ಈ ದೊಡ್ಡ ಗುಮ್ಮಟ! ಪೋರ್ಚುಗೀಸರು ಇಲ್ಲಿ ಮೊದಲು ಇಗರ್ಜಿ ಕಟ್ಟಿದ್ದು 1568ರಲ್ಲಿ. 1784ರಲ್ಲಿ, ಟಿಪ್ಪುವಿನ ಕಾಲದಲ್ಲಿ, ಅದು ನೆಲಸಮವಾಯಿತು. 1813ರಲ್ಲಿ ಮತ್ತೆ ಎದ್ದಿತು. ಈಗ ಕಾಣುವ ಗುಮ್ಮಟದ ಕಟ್ಟಡ 20ನೇ ಶತಮಾನದ ಆರಂಭದ್ದು.

ನಾವು ಹೋಗಿದ್ದು ವಾರದ ದಿನ, ಬೆಳಗ್ಗಿನ ಪೂಜೆ ಮುಗಿದ ಮೇಲೆ. ಭಾನುವಾರ ಬೇಡ ಅಂತಲೇ ನನ್ನ ಸಲಹೆ. ಪ್ರಾರ್ಥನೆಗೆ ಬಂದವರ ನಡುವೆ ಕತ್ತೆತ್ತಿಕೊಂಡು ಓಡಾಡುವುದು ಸರಿಯಲ್ಲ, ಅಲ್ವಾ? ಆ ದಿನವೂ ಒಬ್ಬ ಅಜ್ಜಿ ಜಪಸರ ಹಿಡಿದು ಕೂತಿದ್ದರು. ನಾವು ಪಿಸುಮಾತಿನಲ್ಲೇ ಮಾತಾಡಿದೆವು.

ಗುಮ್ಮಟದ ಕೆಳಗೆ ನಿಂತು ನಾನು ಮೇಲೆ ನೋಡುತ್ತಿದ್ದೆ. ಅಪ್ಪ ನೋಡುತ್ತಿದ್ದದ್ದು ಮೂಲೆಗಳನ್ನು.

"ಭಾರ ಎಲ್ಲಿ ಇಳಿಯುತ್ತದೆ ಅಂತ ಹುಡುಕು, ಮಗಳೇ."

ಎರಡೂ ಅಂಗೈ ಬಾಗಿಸಿ, ಬೆರಳ ತುದಿಗಳನ್ನು ಸೇರಿಸಿ ತೋರಿಸಿದರು. ಮೇಲಿಂದ ಒತ್ತಿದರೆ ಮಣಿಕಟ್ಟುಗಳು ಹೊರಕ್ಕೆ ಜಾರುತ್ತವೆ. ಗುಮ್ಮಟವೂ ಹಾಗೇ, ಬರೀ ಕೆಳಕ್ಕೆ ಕೂರುವುದಿಲ್ಲ, ಬದಿಗೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಕಮಾನು ಹಿಡಿದು ಕಂಬಕ್ಕೆ ಕೊಡಬೇಕು, ಕಂಬ ನೆಲಕ್ಕೆ. ಅದಕ್ಕೇ ಅಲ್ಲಿ ಅಷ್ಟು ದಪ್ಪ. ಕಮಾನು ಕಟ್ಟುವಾಗ ಅದರ ಕೆಳಗೆ ಮರದ ಸೆಂಟ್ರಿಂಗ್, ಅಂದರೆ ತಾತ್ಕಾಲಿಕ ಆಸರೆ, ಕೊಡುತ್ತಾರಂತೆ. ನೆತ್ತಿಯ ಕಲ್ಲು ಕೂತು ಗಾರೆ ಬಿಗಿಯಾಗುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಇಷ್ಟು ದೊಡ್ಡ ಗುಮ್ಮಟದಡಿ ಆ ಮರಗಳನ್ನು ತೆಗೆದ ದಿನ ಕೆಲಸದವರ ಎದೆ ಹೇಗೆ ಹೊಡೆದುಕೊಂಡಿರಬೇಕು! ನಾನು ಆವತ್ತು ಜಾಸ್ತಿ ಯೋಚಿಸಿದ್ದು ಅವರನ್ನೇ.

ಹೊರಗೆ ಬಂದು ರಸ್ತೆಯ ಆಚೆ ನಿಂತು ಹೊಸ ಹಾಳೆ ತೆಗೆದೆ. ಈ ಸಲ ಗುಮ್ಮಟದಿಂದ ಶುರು ಮಾಡಲಿಲ್ಲ. ಕಣ್ಣಿಗೆ ಕಾಣದ ಆ ಕಂಬಗಳನ್ನೇ ಮೊದಲು ಪೆನ್ಸಿಲ್ಲಿನಲ್ಲಿ ತೆಳುವಾಗಿ ಎಳೆದೆ, ಅವುಗಳ ಮೇಲೆ ಕಮಾನು, ಕೊನೆಗೆ ಗುಮ್ಮಟ, ಶಿಲುಬೆ. ಆಮೇಲೆ ಒಳಗಿನ ಗೆರೆಗಳನ್ನು ಅಳಿಸಿದೆ.

ಅಪ್ಪ ಹಾಳೆಯನ್ನು ಕೈ ಚಾಚಿ ದೂರ ಹಿಡಿದು ನೋಡಿದರು. "ಇದು ನಿಲ್ಲುತ್ತದೆ," ಅಂದರು.