ಸ್ಪಿರುಲಿನಾದಿಂದ ನೀಲಿ ಬಣ್ಣ ತೆಗೆಯುವುದು ಹೇಗೆ?

ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿಯ ಹಸಿರಿನೊಳಗಿರುವ ನೀಲಿಗೆ ಫೈಕೊಸೈಯನಿನ್ ಎಂದು ಹೆಸರು. ಇದು ಪ್ರೋಟೀನ್. ಬಿಸಿ, ಬಿಸಿಲು, ಹುಳಿ ಮೂರೂ ಇದಕ್ಕೆ ಆಗಿಬರುವುದಿಲ್ಲ. ಬೇಗ ಬಣ್ಣ ಬಿಡಲಿ ಎಂದು ಪುಡಿಯನ್ನು ಬಿಸಿನೀರಿಗೆ ಹಾಕಿದರೆ ಅಲ್ಲಿಗೇ ಕೆಲಸ ಕೆಟ್ಟಂತೆ.

ಮೊದಲು ಪುಡಿ ನೋಡಿ ಕೊಳ್ಳಿ. ಒಂದು ಚಿಟಿಕೆಯನ್ನು ತಣ್ಣೀರಿನಲ್ಲಿ ಕಲಸಿ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲಿನ ತಿಳಿ ನೀಲಿಯಾಗದೆ ಕಂದಾಗಿದ್ದರೆ ಆ ಡಬ್ಬಿಯನ್ನು ಬಿಟ್ಟುಬಿಡಿ. ಹೆಚ್ಚು ಕಾವಿನಲ್ಲಿ ಒಣಗಿಸಿದ ಮಾಲು ಅದು. ಮಾತ್ರೆಗಳಂತೂ ಬೇಡವೇ ಬೇಡ, ಅವುಗಳಲ್ಲಿ ಅಂಟು ಪದಾರ್ಥಗಳು ಸೇರಿರುತ್ತವೆ.

10 ಗ್ರಾಂ ಪುಡಿಗೆ 250 ಮಿ.ಲೀ. ಫಾಸ್ಫೇಟ್ ಬಫರ್ (ಪಿಎಚ್, ಅಂದರೆ ಹುಳಿಯ ಮಟ್ಟ, ಬದಲಾಗದಂತೆ ಹಿಡಿದಿಡುವ ದ್ರಾವಣ; 0.1 ಮೋಲಾರ್, ಪಿಎಚ್ 7) ಸಾಕು. ಮೊದಲು ಸ್ವಲ್ಪವೇ ಬಫರ್ ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದನ್ನು ಸೇರಿಸಿ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಕೋಶದ ಗೋಡೆ ಒಡೆಯದೆ ನೀಲಿ ಪೂರ್ತಿ ಹೊರಬರುವುದಿಲ್ಲ. ಮಿಕ್ಸಿಗೆ ಹಾಕುವುದು ಸುಲಭದ ದಾರಿ, ಆದರೆ ಹಾಕಬೇಡಿ: ಕಾವೇರುತ್ತದೆ, ನೊರೆಯಲ್ಲಿ ಪ್ರೋಟೀನ್ ಕೆಡುತ್ತದೆ, ನುಣ್ಣಗಾದ ಹಸಿರು ಚೂರುಗಳನ್ನು ಆಮೇಲೆ ಬೇರ್ಪಡಿಸಲಾಗದು. ಗೋಡೆ ಒಡೆಯುವ ಕೆಲಸವನ್ನು ಮಂಜುಗಡ್ಡೆಗೇ ಬಿಡಿ. ಮಿಶ್ರಣವನ್ನು ಅಗಲವಾದ ಡಬ್ಬಿಯಲ್ಲಿ ತೆಳುವಾಗಿ ಸುರಿದು ಮೈನಸ್ 20 ಡಿಗ್ರಿಯಲ್ಲಿಡಿ. ನಡುಭಾಗವೂ ಕಲ್ಲಿನಂತಾಗಬೇಕು, ಅಂಚು ಮಾತ್ರ ಗಟ್ಟಿಯಾದರೆ ಅರ್ಧ ಕೋಶಗಳು ಇಡಿಯಾಗಿಯೇ ಉಳಿಯುತ್ತವೆ. ಕರಗಿಸುವುದು ಫ್ರಿಜ್‌ನಲ್ಲೇ, 4 ಡಿಗ್ರಿಯಲ್ಲಿ, ಕತ್ತಲಲ್ಲಿ. ಅವಸರಕ್ಕೆ ಹೊರಗಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ವಾಸನೆ ಬರುತ್ತದೆ. ಹೀಗೆ ಮೂರು–ನಾಲ್ಕು ಸಲ ಮಾಡಿ. ಪ್ರತಿ ಸಲವೂ ಒಂದು ಹನಿಯನ್ನು ಸೋಸುಕಾಗದದ ಮೇಲೆ ಬಿಡಿ. ಹಸಿರು ನಡುವೆ ನಿಂತು ಸುತ್ತ ನೀಲಿ ಬಳೆ ಹರಡಬೇಕು. ಬಳೆ ಇನ್ನು ಗಾಢವಾಗುತ್ತಿಲ್ಲ ಎಂದಾಗ ನಿಲ್ಲಿಸಿ.

ಸೆಂಟ್ರಿಫ್ಯೂಜ್ (ರಭಸದಿಂದ ತಿರುಗಿಸಿ ಗಸಿಯನ್ನು ತಳಕ್ಕಿಳಿಸುವ ಯಂತ್ರ) ಇದ್ದರೆ 10,000 ಜಿ ಬಲದಲ್ಲಿ, ಅಂದರೆ ಗುರುತ್ವದ 10,000 ಪಟ್ಟು ಬಲದಲ್ಲಿ, 15 ನಿಮಿಷ ತಿರುಗಿಸಿ. ಇಲ್ಲದಿದ್ದರೆ ಫ್ರಿಜ್‌ನಲ್ಲಿ ರಾತ್ರಿಯಿಡೀ ಅಲುಗಿಸದೆ ಬಿಟ್ಟು, ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಬಟ್ಟೆಯಲ್ಲಿ ಸೋಸಿದರೆ ಸಣ್ಣ ಚೂರುಗಳು ದಾಟಿಬರುತ್ತವೆ. ಕ್ಲೋರೊಫಿಲ್ ನೀರಿನಲ್ಲಿ ಕರಗದು. ಹಾಗಾಗಿ ತಿಳಿ ಹಸಿರಾಗಿ ಕಂಡರೆ ಅದರಲ್ಲಿ ಗಸಿ ತೇಲುತ್ತಿದೆ ಎಂದರ್ಥ. ಒಳ್ಳೆಯ ತಿಳಿ ಬೆಳಕಿಗೆ ಹಿಡಿದಾಗ ನೀಲಿ, ಪಕ್ಕದಿಂದ ಬೆಳಕು ಬಿದ್ದಾಗ ಕೆಂಪು ಹೊಳಪು.

ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ 620 ನ್ಯಾನೊಮೀಟರ್‌ ತರಂಗಾಂತರದ ಅಂಕಿಯನ್ನು 280ರ ಅಂಕಿಯಿಂದ ಭಾಗಿಸಿ. 0.7 ದಾಟಿದರೆ ಆಹಾರಕ್ಕೆ ಬಳಸುವ ಬಣ್ಣದ ಶುದ್ಧತೆ ಬಂದಂತೆ. ಆದರೆ ರಾಸಾಯನಿಕ ದರ್ಜೆಯ ಬಫರ್‌ನಲ್ಲಿ ತೆಗೆದದ್ದನ್ನು ತಿನ್ನಬಾರದು. ತೆಗೆದಾದ ಮೇಲೆ ಬಣ್ಣದ ಪಿಎಚ್ 5.5ರಿಂದ 6ರ ನಡುವೆ ಇರಲಿ, ಕಾವು 45 ಡಿಗ್ರಿ ದಾಟದಿರಲಿ. ಸಕ್ಕರೆ ಬೆರೆಸಿದರೆ ಬಣ್ಣ ಹೆಚ್ಚು ಕಾಲ ನಿಲ್ಲುತ್ತದೆ.

ಉಳಿದ ಗಸಿಯನ್ನು ಚೆಲ್ಲಬೇಡಿ, ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಬಹುದು. ಅದೊಂದನ್ನೇ ತುಂಬಿದರೆ ಅದರ ಸಾರಜನಕದಿಂದ ಅಮೋನಿಯ ಹೆಚ್ಚಿ ಅನಿಲ ಕುಗ್ಗುತ್ತದೆ. ಸಣ್ಣಗೆ ಕತ್ತರಿಸಿದ ಹುಲ್ಲಿನ ಜೊತೆ ಬೆರೆಸಿ ಹಾಕಿ.