ಡಾಕ್ಟರ ಹತ್ತಿರ ಹೋಗಲೊಲ್ಲದ ಗೆಳೆಯನಿಗೆ

'ಒಮ್ಮೆ ತೋರಿಸ್ಕೋ ಮಾರಾಯ' ಎಂದರೆ ಯಾರೂ ಹೋಗುವುದಿಲ್ಲ. ಕಣ್ಣಿಗೆ ಬಿದ್ದದ್ದನ್ನು ದಿನದ ಲೆಕ್ಕ ಸಮೇತ ಹೇಳಬೇಕು. ಕೆಮ್ಮು ಶುರುವಾಗಿ ಎಷ್ಟು ವಾರ, ಬೆಲ್ಟು ಎಷ್ಟು ತೂತು ಒಳಗೆ ಹೋಗಿದೆ, ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತಾನೆ, ಇಷ್ಟನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ರೋಗದ ಹೆಸರು ಮಾತ್ರ ಎತ್ತುವುದಿಲ್ಲ. ಕ್ಯಾನ್ಸರ್ ಎಂದುಬಿಟ್ಟರೆ ಆಮೇಲಿನ ವಾದವೆಲ್ಲ ಆ ಶಬ್ದದ ಮೇಲೆಯೇ, ಕೆಮ್ಮು ಮರೆತೇಹೋಗುತ್ತದೆ.

ಇಬ್ಬರೇ ನಡೆದು ಹೋಗುವಾಗ ಹೇಳುವುದು ಒಳ್ಳೆಯದು, ಮುಖಕ್ಕೆ ಮುಖ ಕೊಡುವ ಇಕ್ಕಟ್ಟಿಲ್ಲ. ಹೆಂಡತಿ ಮಕ್ಕಳ ಎದುರು ಹೇಳಿದರೆ 'ನನಗೇನಾಗಿದೆ' ಎಂದು ಸಾಧಿಸಿಯೇ ತೀರುತ್ತಾನೆ. 'ನಿನಗೇನನ್ನಿಸುತ್ತೆ?' ಎಂದು ಕೇಳಿ ಸುಮ್ಮನಾಗಬೇಕು. ಈ ಸುಮ್ಮನಿರುವುದೇ ಕಷ್ಟದ ಕೆಲಸ, ಆದರೆ ನಿಜವಾದ ಕಾರಣ ಹೊರಬೀಳುವುದು ಆಗಲೇ: ದುಡ್ಡು, ರಜೆ, ಸೂಜಿಯ ಭಯ, ಅಪ್ಪನಿಗೆ ಆಗಿದ್ದು. ದುಡ್ಡಿನ ಚಿಂತೆಗೆ ಧೈರ್ಯದ ಮಾತು ಮದ್ದಲ್ಲ, ಖರ್ಚೆಷ್ಟೆಂದು ವಿಚಾರಿಸಿ ಹೇಳಬೇಕು.

'ನೋವಿಲ್ಲವಲ್ಲ' ಎಂಬ ಉತ್ತರ ಬಂದೇ ಬರುತ್ತದೆ. ಅಪಾಯದ ಗಂಟು, ಬಾಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ ಶುರುವಿನಲ್ಲಿ ನೋಯದಿರುವುದೇ ಹೆಚ್ಚು. 'ತಾನಾಗೇ ನಿಂತಿತು' ಎನ್ನುವುದು ಇನ್ನೂ ಮೋಸದ್ದು. ಮೂತ್ರಕೋಶದ ಗಡ್ಡೆ ಬಿಟ್ಟು ಬಿಟ್ಟು ರಕ್ತ ಸುರಿಸಬಹುದು. ಒಂದು ದಿನ ಕೆಂಪು, ಆಮೇಲೆ ವಾರಗಟ್ಟಲೆ ತಿಳಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಕೂರುತ್ತಾರೆ, ಪರೀಕ್ಷಿಸದೆ ಅದು ಯಾರಿಗೂ ತಿಳಿಯದು. 3 ವಾರ ದಾಟಿದ ಕೆಮ್ಮು, 3 ವಾರಕ್ಕೂ ಮಾಯದ ಬಾಯಿಹುಣ್ಣು, ಸುಮ್ಮನೆ 6ರಿಂದ 12 ತಿಂಗಳಲ್ಲಿ ಶೇ. 5ರಷ್ಟು ಇಳಿದ ತೂಕ (70 ಕಿಲೋ ಇದ್ದವರಿಗೆ ಮೂರೂವರೆ ಕಿಲೋ) ಇವುಗಳನ್ನು ಮುಂದೂಡಲು ಬಿಡಬಾರದು.

ಎದೆ ಬಿಗಿದು ಬೆವರಿದರೆ, ನೋವು ದವಡೆಗೋ ತೋಳಿಗೋ ಹರಡಿದರೆ ಒಪ್ಪಿಸುತ್ತಾ ಕೂರುವಂತಿಲ್ಲ. ಅದನ್ನು ಗ್ಯಾಸ್ ಎಂದು ತಳ್ಳಿಹಾಕುವವರಿದ್ದಾರೆ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು, ತಕ್ಷಣ ಆಂಬುಲೆನ್ಸ್; ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಔಷಧಕ್ಕೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಹತ್ತೇ ನಿಮಿಷದಲ್ಲಿ ಸರಿಹೋದರೂ ಹೋಗಲೇಬೇಕು, ಅದು ದೊಡ್ಡ ಪಾರ್ಶ್ವವಾಯುವಿನ ಮುನ್ಸೂಚನೆಯಾಗಿರಬಹುದು.

ಉಳಿದಂತೆ, ಕೇಳುವುದು ಸಣ್ಣದಾಗಿರಲಿ. ಪೂರ್ತಿ ಚೆಕಪ್ ಬೇಡ. ಒಬ್ಬ ಡಾಕ್ಟರು, ಒಂದು ಭೇಟಿ. ಮಂಗಳವಾರವೋ ಗುರುವಾರವೋ ಎಂದು ಕೇಳಿ, ಪಕ್ಕದಲ್ಲೇ ಕೂತು ಅಪಾಯಿಂಟ್‌ಮೆಂಟ್ ಹಾಕಿಸಿ, ಜೊತೆಗೆ ಹೋಗುತ್ತೇನೆ. ಮುಂದೂಡಬಾರದೆಂದು ಮೇಲೆ ಹೇಳಿದ ಲಕ್ಷಣಗಳಲ್ಲದಿದ್ದು, ಅವನು ಒಪ್ಪದಿದ್ದರೆ 'ಎರಡು ವಾರ ನೋಡೋಣ, ಹೀಗೇ ಇದ್ದರೆ ಹೋಗೋಣ' ಎಂದು ತಾರೀಖು ಗೊತ್ತುಮಾಡಿಕೊಂಡು, ಆ ದಿನ ನಾನೇ ಫೋನ್ ಮಾಡುತ್ತೇನೆ. ಯಾವಾಗ ಶುರುವಾಯಿತು, ಹೆಚ್ಚಾಗಿದೆಯೇ, ಏನೇನು ಮಾತ್ರೆ ನುಂಗುತ್ತಿದ್ದಾನೆ ಎಂಬ ಚೀಟಿ ಜೇಬಿನಲ್ಲಿರಬೇಕು. ಮೆಡಿಕಲ್ಲಿನಿಂದ ತಾನೇ ತಂದ ನೋವಿನ ಮಾತ್ರೆಯೂ ಅದರಲ್ಲಿರಲಿ, ಹೊಟ್ಟೆಹುಣ್ಣಿಗೆ ಅದೇ ಕಾರಣವಾಗಿರಬಹುದು. ಒಳಗೆ ಅವನೇ ಮಾತಾಡಲಿ. ರಕ್ತ ಕೊಟ್ಟು ಬಂದು ರಿಪೋರ್ಟ್ ತರದೆ ಬಿಡುವವರು ಬಹಳ. ಹಾಗಾಗಿ ಲ್ಯಾಬ್‌ನಿಂದ ಹೊರಡುವ ಮೊದಲೇ ರಿಪೋರ್ಟ್ ಯಾವ ದಿನ, ಯಾರು ತರುವುದು, ಡಾಕ್ಟರಿಗೆ ಯಾವಾಗ ತೋರಿಸುವುದು ಎಂಬುದನ್ನು ನಿಗದಿ ಮಾಡಿಕೊಂಡೇ ಏಳುವುದು.