ಥಿಯೇಟರ್ ಮುಚ್ಚಿದ್ದ ವರ್ಷ ನಾನು ಆಸ್ಕರ್ ಲೆಕ್ಕ ಹಾಕಿದ ಬಗೆ

ಆಸ್ಕರ್ ಯಾರಿಗೆ ಬರುತ್ತೆ ಅಂತ ಊಹಿಸುವುದು ನನಗೆ ಹಳೆಯ ಹುಚ್ಚು. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮದೊಂದು ಗೆಳೆಯರ ಗುಂಪಿದೆ. ಪ್ರತಿ ವರ್ಷ ಎಲ್ಲರೂ ಒಂದೊಂದು ಪಟ್ಟಿ ಕಳಿಸುತ್ತೇವೆ, ಯಾರದು ಜಾಸ್ತಿ ಸರಿ ಬರುತ್ತೋ ಅವರಿಗೆ ಉಳಿದವರು ಊಟ ಹಾಕಿಸಬೇಕು, ಅಷ್ಟೇ ಪಂದ್ಯ. 2021ರ ಪಟ್ಟಿ ಮಾಡಿದ್ದು ಮಾತ್ರ ಬೇರೆ ಯಾವ ವರ್ಷದ ಹಾಗೂ ಇರಲಿಲ್ಲ. ಹೇಗೆ ಮಾಡಿದೆ ಅಂತ ಕೇಳುವವರು ಈಗಲೂ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾಮೂಲಿ ವರ್ಷದಲ್ಲಿ ಊಹೆಗೆ ಬೇಕಾದ ಸುಳಿವು ಎಲ್ಲ ಕಡೆಯಿಂದಲೂ ಸಿಗುತ್ತೆ. ಸೆಪ್ಟೆಂಬರಿನಲ್ಲಿ ವೆನಿಸ್, ಟೆಲ್ಯುರೈಡ್, ಟೊರಾಂಟೊ ಚಿತ್ರೋತ್ಸವಗಳು. ಆಮೇಲೆ ಸಿನಿಮಾ ಎಷ್ಟು ವಾರ ಓಡಿತು, ಎಷ್ಟು ದುಡ್ಡು ಮಾಡಿತು ಅನ್ನುವ ಲೆಕ್ಕ. ಇವೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಹಾಲಿನಲ್ಲಿ ಕೂತವರು. ಯಾವ ಸೀನಿಗೆ ಜನ ಸುಮ್ಮನಾದರು, ಎಲ್ಲಿ ಮೊಬೈಲ್ ತೆಗೆದರು, ಮುಗಿದ ಮೇಲೆ ಎದ್ದು ಹೋದರಾ ಅಥವಾ ಹೆಸರುಗಳು ಬರುವವರೆಗೂ ಕೂತಿದ್ದರಾ. ಸಿನಿಮಾ ಬಗ್ಗೆ ವಿಮರ್ಶಕರು ಹೇಳದ ಎಷ್ಟೋ ವಿಷಯ ಇದರಿಂದ ಗೊತ್ತಾಗುತ್ತೆ.

2020ರಲ್ಲಿ ಇದ್ಯಾವುದೂ ಇಲ್ಲ. ಮಾರ್ಚ್‌ನಲ್ಲಿ ಥಿಯೇಟರ್‌ಗಳು ಮುಚ್ಚಿದವು. ಟೆಲ್ಯುರೈಡ್ ರದ್ದಾಯಿತು. ವೆನಿಸ್ ಮಾತ್ರ ಮಾಸ್ಕ್ ಹಾಕಿಕೊಂಡು ನಡೆಯಿತು, ಅಲ್ಲಿ 'ನೋಮ್ಯಾಡ್‌ಲ್ಯಾಂಡ್' ಎಲ್ಲಕ್ಕಿಂತ ದೊಡ್ಡ ಪ್ರಶಸ್ತಿಯಾದ ಗೋಲ್ಡನ್ ಲಯನ್ ಗೆದ್ದಿತು. ಟೊರಾಂಟೊದ ಪ್ರೇಕ್ಷಕರ ಪ್ರಶಸ್ತಿಯೂ ಅದಕ್ಕೇ. ಆಸ್ಕರ್ ಕೊಡುವ ಅಕಾಡೆಮಿಯವರು ಸಮಾರಂಭವನ್ನು ಫೆಬ್ರವರಿ 28ರಿಂದ ಏಪ್ರಿಲ್ 25ಕ್ಕೆ ತಳ್ಳಿ, ಫೆಬ್ರವರಿ ಕೊನೆಯವರೆಗೆ ಬಂದ ಸಿನಿಮಾಗಳನ್ನೂ ಸೇರಿಸಿಕೊಂಡರು. ಥಿಯೇಟರಿಗೆ ಅಂತಲೇ ಮಾಡಿದ್ದ ಸಿನಿಮಾ ನೇರವಾಗಿ ಸ್ಟ್ರೀಮಿಂಗ್‌ಗೆ ಬಂದರೂ ಆ ಒಂದು ಸಲಕ್ಕೆ ನಡೆಯುತ್ತೆ ಅಂದರು, ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್‌ನಲ್ಲಿ ಓಡಿದರೂ ಆಗುತ್ತೆ ಅಂದರು. ಅಂದರೆ ಸೆಪ್ಟೆಂಬರಿನಲ್ಲಿ ಮುಂದೆ ಓಡಲು ಶುರು ಮಾಡಿದ ಸಿನಿಮಾ ಏಪ್ರಿಲ್‌ವರೆಗೂ ಮುಂದೆಯೇ ಇರಬೇಕು. ಅಷ್ಟು ದಿನ ಒಂದೇ ಹೆಸರು ಕೇಳಿದರೆ ವೋಟು ಹಾಕುವವರಿಗೆ ಬೇಜಾರಾಗಿಬಿಡುತ್ತೆ ಅನ್ನುವುದು ಈ ಆಟದ ಹಳೆಯ ಭಯ. ಆದರೆ ಆ ವರ್ಷ ಬೇಜಾರು ಮಾಡಿಕೊಳ್ಳಲೂ ಪಾರ್ಟಿ, ಔತಣ ಏನೂ ಇರಲಿಲ್ಲವಲ್ಲ! ಅದಕ್ಕೇ 'ನೋಮ್ಯಾಡ್‌ಲ್ಯಾಂಡ್' ಹೆಸರನ್ನು ಮೊದಲ ಸಾಲಿನಲ್ಲಿ ಬರೆದವನು ಕೊನೆವರೆಗೂ ತೆಗೆಯಲಿಲ್ಲ.

ನ್ಯೂಜೆರ್ಸಿಯಲ್ಲಿ ಥಿಯೇಟರ್‌ಗಳು ಸೆಪ್ಟೆಂಬರ್ 4ಕ್ಕೇ ತೆರೆದವು, ನೂರಕ್ಕೆ 25ರಷ್ಟು ಸೀಟು ಮಾತ್ರ. ಪಕ್ಕದ ನ್ಯೂಯಾರ್ಕ್ ನಗರದಲ್ಲಿ ತೆರೆದದ್ದು 2021ರ ಮಾರ್ಚ್ 5ಕ್ಕೆ. ನಾನು 'ಟೆನೆಟ್' ನೋಡಲು ಹೋದೆ. ಆನ್‌ಲೈನಿನಲ್ಲಿ ಟಿಕೆಟ್ ತೆಗೆಯುವಾಗಲೇ ನಮ್ಮ ಅಕ್ಕಪಕ್ಕದ ಸೀಟುಗಳು ಬೂದು ಬಣ್ಣಕ್ಕೆ ತಿರುಗಿ ಮುಚ್ಚಿಕೊಂಡವು. ಅಷ್ಟು ದೊಡ್ಡ ಹಾಲಿನಲ್ಲಿ ನಾಲ್ಕಾರು ತಲೆ. ಪಾಪ್‌ಕಾರ್ನ್ ತಿನ್ನಲು ಮಾಸ್ಕ್ ಇಳಿಸಬಹುದು, ತಿಂದ ಮೇಲೆ ಏರಿಸಬೇಕು. ಹಾಗಾಗಿ ಕೆಲವರು ಒಂದೊಂದೇ ಕಾಳು ತಿನ್ನುತ್ತಾ ಸಿನಿಮಾ ಪೂರ್ತಿ ಎಳೆದರು. ಜನ ಇಲ್ಲದ ಹಾಲಿನಲ್ಲಿ ಸೌಂಡು ಬೇರೆಯೇ ಥರ ಕೇಳುತ್ತೆ, ಗೋಡೆಗೆ ಬಡಿದು ವಾಪಸ್ ಬಂದಂತೆ. ಜನರ ಮುಖ ಓದುವ ನನ್ನ ಕೆಲಸವಂತೂ ಅಲ್ಲಿ ಸಾಧ್ಯವೇ ಇರಲಿಲ್ಲ. ಆಮೇಲೆ ಥಿಯೇಟರ್ ಕಂಪನಿ ಎಎಂಸಿಯವರು ಇಡೀ ಹಾಲನ್ನೇ 99 ಡಾಲರ್‌ನಿಂದ ಬಾಡಿಗೆಗೆ ಕೊಡಲು ಶುರು ಮಾಡಿದಾಗ ನಮ್ಮ ಗುಂಪಿನವರು ಕುಣಿದಾಡಿದರು. ಆದರೆ ಗುರುತಿನವರ ನಡುವೆ ಕೂತು ನೋಡಿದರೆ ಸಿನಿಮಾ ಹೇಗೆ ಓಡುತ್ತಿದೆ ಅಂತ ಗೊತ್ತಾಗಲ್ಲ. ಎಲ್ಲರೂ ಜಾಸ್ತಿ ನಗುತ್ತಾರೆ.

ಹಾಗಾಗಿ ಉಳಿದದ್ದೆಲ್ಲ ಮನೆಯ ಟೀವಿಯಲ್ಲಿ. 'ಪ್ರಾಮಿಸಿಂಗ್ ಯಂಗ್ ವುಮನ್' ನೋಡಲು 19.99 ಡಾಲರ್ ಕೊಟ್ಟಾಗ ಹೊಟ್ಟೆ ಉರಿಯಿತು, ನಾಲ್ಕು ಜನ ಕೂತು ನೋಡಿದ್ದರಿಂದ ಸಮಾಧಾನವಾಯಿತು. ಇಲ್ಲೇ ಒಂದು ವಿಷಯ ಹೊಳೆದದ್ದು. ಅಕಾಡೆಮಿಯ 9 ಸಾವಿರಕ್ಕೂ ಹೆಚ್ಚು ಮತದಾರರಲ್ಲಿ ಹೆಚ್ಚಿನವರೂ ನನ್ನ ಹಾಗೆಯೇ ಮನೆಯಲ್ಲಿ, ಸೋಫಾದ ಮೇಲೆ, ಅಕಾಡೆಮಿಯ ಸ್ಟ್ರೀಮಿಂಗ್ ಸೈಟಿನಲ್ಲಿ ನೋಡುತ್ತಿದ್ದಾರೆ ಅಲ್ವಾ? ಬೇರೆ ವರ್ಷಗಳಲ್ಲಿ ಅವರು ನೋಡುವುದಕ್ಕೂ ನಾನು ನೋಡುವುದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಅವರಿಗೆ ವಿಶೇಷ ಪ್ರದರ್ಶನ, ಮುಗಿದ ಮೇಲೆ ನಟರ ಜೊತೆ ಮಾತು. ಈ ಸಲ ಅವರದೂ ನನ್ನದೂ ಒಂದೇ ಪಾಡು. ಟೀವಿಯಲ್ಲಿ ನನ್ನನ್ನು ಎದ್ದು ಹೋಗದ ಹಾಗೆ ಹಿಡಿದು ಕೂರಿಸುವ ಸಿನಿಮಾ ಅವರನ್ನೂ ಕೂರಿಸುತ್ತೆ ಅಂತ ಲೆಕ್ಕ ಹಾಕಿದೆ. ಒಂದು ಶಿಸ್ತು ಇಟ್ಟುಕೊಂಡೆ. ಫೋನು ಪಕ್ಕದ ರೂಮಿನಲ್ಲಿ, ಸಿನಿಮಾವನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಬೇಕು ಅನ್ನಿಸಿದ ಜಾಗವನ್ನು ಆಮೇಲೆ ಬರೆದಿಡುತ್ತಿದ್ದೆ.

'ದಿ ಫಾದರ್' ಹೀಗೆ ನೋಡಿದಾಗ ಅದರ ತಾಕತ್ತು ಗೊತ್ತಾಯಿತು. ಮರೆವಿನ ಕಾಯಿಲೆ ಇರುವ ಮುದುಕನ ಕಥೆ. ಅವನಿರುವ ಫ್ಲಾಟ್ ಹೇಳದೆ ಕೇಳದೆ ಬದಲಾಗುತ್ತಾ ಹೋಗುತ್ತೆ. ಅಡುಗೆಮನೆ ಬೇರೆ ಥರ ಕಾಣುತ್ತೆ, ಸಾಮಾನು ಇದ್ದ ಜಾಗದಲ್ಲಿ ಇರಲ್ಲ. ನಡುವೆ ಎದ್ದು ಟೀ ಮಾಡಿಕೊಂಡು ಬಂದರೆ ಇದು ಗೊತ್ತೇ ಆಗಲ್ಲ, ಬಿಡದೆ ನೋಡಿದರೆ ನಮಗೇ ತಲೆ ಕೆಟ್ಟಿದೆಯೇನೋ ಅನ್ನಿಸುತ್ತೆ. ಮೂಲದಲ್ಲಿ ನಾಟಕ. ನಾಲ್ಕು ಗೋಡೆಯೊಳಗಿನ ಕಥೆ, ನಾಲ್ಕು ಗೋಡೆಯೊಳಗೆ ಸಿಕ್ಕಿಕೊಂಡವರು ನೋಡುತ್ತಿದ್ದಾರೆ. ಆಂಥನಿ ಹಾಪ್ಕಿನ್ಸ್ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ.

ಆದರೆ ಎಲ್ಲರ ಬಾಯಲ್ಲೂ ಇದ್ದ ಹೆಸರು ಚಾಡ್ವಿಕ್ ಬೋಸ್‌ಮನ್. 2020ರ ಆಗಸ್ಟ್ 28ರಂದು ತೀರಿಕೊಂಡರು, 'ಮಾ ರೇನೀಸ್ ಬ್ಲ್ಯಾಕ್ ಬಾಟಮ್' ಅವರ ಕೊನೆಯ ಸಿನಿಮಾ. ಆಸ್ಕರ್‌ಗಿಂತ ಮೊದಲು ಕೊಡುವ ಪ್ರಶಸ್ತಿಗಳಲ್ಲಿ ಗೋಲ್ಡನ್ ಗ್ಲೋಬ್, ವಿಮರ್ಶಕರ ಕ್ರಿಟಿಕ್ಸ್ ಚಾಯ್ಸ್, ನಟರ ಸಂಘದ ಸ್ಯಾಗ್ ಮೂರೂ ಅವರಿಗೇ ಬಂದವು. ನನ್ನ ಶೀಟಿನಲ್ಲಿ ಒಂದು ಕಾಲಂ ಇದೆ, ಅದಕ್ಕೆ 'ಮುಖಾಮುಖಿ' ಅಂತ ಹೆಸರು. ಯಾರು ಗೆದ್ದರು ಅನ್ನುವುದಕ್ಕಿಂತ ಯಾರ ಎದುರು ಗೆದ್ದರು, ವೋಟು ಹಾಕಿದವರು ಯಾರು ಅಂತ ಅದರಲ್ಲಿ ಬರೆಯುತ್ತೇನೆ. ಗ್ಲೋಬ್‌ಗೆ ಆಗ ವೋಟು ಹಾಕುತ್ತಿದ್ದವರು ನೂರು ಜನರೂ ಇಲ್ಲದ ವಿದೇಶಿ ಪತ್ರಕರ್ತರು, ಅವರಲ್ಲಿ ಆಸ್ಕರ್ ಮತದಾರರು ಇಲ್ಲ. ಸ್ಯಾಗ್‌ಗೆ ಲಕ್ಷಕ್ಕೂ ಹೆಚ್ಚು ಜನ. ಬ್ರಿಟನ್ನಿನ ಸಿನಿಮಾ ಅಕಾಡೆಮಿ ಬಾಫ್ಟಾದ ಸದಸ್ಯರಲ್ಲಿ ಎಷ್ಟೋ ಜನ ಆಸ್ಕರ್‌ಗೂ ವೋಟು ಹಾಕುತ್ತಾರೆ. ಏಪ್ರಿಲ್ 11ಕ್ಕೆ ಬಾಫ್ಟಾ ಬಂತು. ಬೋಸ್‌ಮನ್ ಎದುರಿಗಿದ್ದರು ('ದಿ ವೈಟ್ ಟೈಗರ್'ನ ನಮ್ಮ ಆದರ್ಶ್ ಗೌರವ್ ಕೂಡ ಅದೇ ಪಟ್ಟಿಯಲ್ಲಿದ್ದರು, ಅದೊಂದು ಖುಷಿ), ಆದರೂ ಗೆದ್ದದ್ದು ಹಾಪ್ಕಿನ್ಸ್. ಆಸ್ಕರ್ ಕೊನೆಯ ಸುತ್ತಿನ ವೋಟಿಂಗ್ ಶುರುವಾಗುವುದು 15ಕ್ಕೆ, ಅಂದರೆ ನಾಲ್ಕೇ ದಿನ ಬಾಕಿ. ಊರಿನ ಹಾಪ್ಕಿನ್ಸ್‌ಗೆ ಊರಿನವರು ಕೊಟ್ಟಿದ್ದಾರೆ ಅಂತ ಗೆಳೆಯರು ತಳ್ಳಿಹಾಕಿದರು. ನಾನು ಬೋಸ್‌ಮನ್‌ಗೆ ನೂರಕ್ಕೆ 90 ಅಂತ ಬರೆದದ್ದನ್ನು 55ಕ್ಕೆ ಇಳಿಸಿದೆ.

ನಟಿಯರ ವಿಭಾಗದ ಗೊಂದಲ ಕೇಳಲೇಬೇಡಿ. ಗ್ಲೋಬ್ ಆಂಡ್ರಾ ಡೇಗೆ, ಕ್ರಿಟಿಕ್ಸ್ ಚಾಯ್ಸ್ ಕ್ಯಾರಿ ಮಲ್ಲಿಗನ್‌ಗೆ, ಸ್ಯಾಗ್ ವಯೋಲಾ ಡೇವಿಸ್‌ಗೆ, ಬಾಫ್ಟಾ ಫ್ರಾನ್ಸಿಸ್ ಮೆಕ್‌ಡೋರ್ಮಂಡ್‌ಗೆ. ನಾಲ್ಕು ಕಡೆ ನಾಲ್ಕು ಹೆಸರು! ಇಲ್ಲಿ ಬಾಫ್ಟಾವನ್ನು ಅಷ್ಟಾಗಿ ನಂಬುವ ಹಾಗಿರಲಿಲ್ಲ. ಆ ವರ್ಷ ಅವರು ನಾಮಿನೇಷನ್ ವಿಧಾನ ಬದಲಿಸಿ ತೀರ್ಪುಗಾರರ ಮಂಡಳಿಗೆ ಕೊಟ್ಟಿದ್ದರಿಂದ ಡೇವಿಸ್, ಮಲ್ಲಿಗನ್, ಡೇ ಮೂವರೂ ಪಟ್ಟಿಯಲ್ಲೇ ಇರಲಿಲ್ಲ. ಮೆಕ್‌ಡೋರ್ಮಂಡ್ ಗೆದ್ದದ್ದು ನಿಜ, ಯಾರ ಎದುರು ಗೆದ್ದರು ಅಂತ ಕೇಳಿದರೆ ಉತ್ತರ ಇಲ್ಲ. ಹಾಗಾಗಿ ಸಿನಿಮಾವನ್ನು ಹಿಡಿದುಕೊಂಡೆ. ಬೆಸ್ಟ್ ಪಿಕ್ಚರ್ ಗೆಲ್ಲುತ್ತೆ ಅಂತ ನಾನು ಬರೆದಿದ್ದ 'ನೋಮ್ಯಾಡ್‌ಲ್ಯಾಂಡ್' ಸಿನಿಮಾದಲ್ಲಿ ಪ್ರತಿ ಫ್ರೇಮಿನಲ್ಲೂ ಅವರೇ ಇದ್ದಾರೆ, ವೋಟು ಹೀಗೆ ಒಡೆದಾಗ ಅದೇ ದೊಡ್ಡ ಆಸರೆ. ಅವರ ಹೆಸರನ್ನೇ ಬರೆದೆ.

ತಾಂತ್ರಿಕ ವಿಭಾಗಗಳಲ್ಲಿ ನನ್ನ ಸೋಫಾ ಸೂತ್ರ ಕೆಲಸಕ್ಕೆ ಬಂತು. 'ಸೌಂಡ್ ಆಫ್ ಮೆಟಲ್' ಅನ್ನು ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಡ್ರಮ್ಮರ್‌ಗೆ ಕಿವಿ ಕೇಳದಾಗುತ್ತಾ ಹೋದಂತೆ ನಮ್ಮ ಕಿವಿಯೊಳಗೂ ಶಬ್ದ ಮಂಕಾಗಿ, ನೀರೊಳಗೆ ಮುಳುಗಿದಂತೆ ಕೇಳುತ್ತೆ. ಈ ಸಿನಿಮಾ ಮನೆಯಲ್ಲಿ ನೋಡಿದವರಿಗೆ ಏನೂ ನಷ್ಟ ಇಲ್ಲ, ಬಹುಶಃ ಲಾಭವೇ. ಅದೇ ವರ್ಷ ಸೌಂಡಿನ ಎರಡು ಪ್ರಶಸ್ತಿಗಳನ್ನು ಸೇರಿಸಿ ಒಂದು ಮಾಡಿದ್ದರು, ಅಲ್ಲಿ ಇದನ್ನು ಕಣ್ಣು ಮುಚ್ಚಿ ಬರೆಯಬಹುದಿತ್ತು. ಎಡಿಟಿಂಗ್‌ಗೂ ಇದನ್ನೇ ಹಾಕಿದೆ, ಯಾಕೆಂದರೆ ಬಾಫ್ಟಾ ಎಡಿಟಿಂಗ್ ಕೂಡ ಇದಕ್ಕೇ ಬಂದಿತ್ತು. ಎರಡೂ ಬಂದವು. 'ನೋಮ್ಯಾಡ್‌ಲ್ಯಾಂಡ್' ಕ್ಯಾಮೆರಾ ಕೆಲಸ ಮಾತ್ರ ಟೀವಿಯಲ್ಲಿ ಸೊರಗುತ್ತೆ ಅಂತ ನನಗೆ ಅನುಮಾನ ಇತ್ತು. ಆ ಆಕಾಶ, ಆ ಬಯಲು ಐವತ್ತು ಇಂಚಿನಲ್ಲಿ ಎಲ್ಲಿ ಹಿಡಿಸುತ್ತೆ? ಛಾಯಾಗ್ರಾಹಕರ ಸಂಘ ಎಎಸ್‌ಸಿ ಕೂಡ 'ಮ್ಯಾಂಕ್'ಗೆ ಕೊಟ್ಟಿತ್ತು. ಆಸ್ಕರ್ ಕೂಡ 'ಮ್ಯಾಂಕ್'ಗೇ ಹೋಯಿತು.

ಏಪ್ರಿಲ್ 25ರ ಸಮಾರಂಭ ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್‌ನಲ್ಲಿ. ಎಲ್ಲ ವರ್ಷ ಕೊನೆಗೆ ಕೊಡುವ ಬೆಸ್ಟ್ ಪಿಕ್ಚರನ್ನು ಮುಂಚೆಯೇ ಕೊಟ್ಟು, ನಟನ ಪ್ರಶಸ್ತಿಯನ್ನು ಕೊನೆಗಿಟ್ಟರು. ಬೋಸ್‌ಮನ್‌ಗೆ ಬರುತ್ತೆ, ಭಾವುಕ ಕ್ಷಣದಲ್ಲಿ ಮುಗಿಯುತ್ತೆ ಅಂತ ಲೆಕ್ಕ ಹಾಕಿರಬೇಕು ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಅಂದುಕೊಂಡೆವು. ಲಕೋಟೆಯಿಂದ ಬಂದದ್ದು ಹಾಪ್ಕಿನ್ಸ್ ಹೆಸರು. 83 ವರ್ಷ, ಅವರು ಸಮಾರಂಭಕ್ಕೆ ಬಂದೇ ಇರಲಿಲ್ಲ. ವೇಲ್ಸ್‌ನಲ್ಲಿದ್ದರು. ಅಲ್ಲಿಗೆ ಕಾರ್ಯಕ್ರಮವೇ ಮುಗಿದುಹೋಯಿತು. ಅದಕ್ಕೆ ಮೊದಲು ಬೆಸ್ಟ್ ಪಿಕ್ಚರ್ ತೆಗೆದುಕೊಂಡಾಗ ಮೆಕ್‌ಡೋರ್ಮಂಡ್ ತಮ್ಮ ಸಿನಿಮಾವನ್ನು ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ, ಬೇಗ ಒಂದು ದಿನ ಗುರುತಿನವರನ್ನೆಲ್ಲ ಥಿಯೇಟರಿಗೆ ಕರೆದುಕೊಂಡು ಹೋಗಿ ಅಂತ ಕೇಳಿಕೊಂಡಿದ್ದರು. ಅಷ್ಟರಲ್ಲಿ ಲಾಸ್ ಏಂಜಲೀಸ್ ಥಿಯೇಟರ್‌ಗಳು ತೆರೆದಿದ್ದವು, ಅದೂ ನಾಮಿನೇಷನ್ ಪ್ರಕಟವಾದ ಮಾರ್ಚ್ 15ರಂದೇ. ಆದರೆ ಜನ ಟೀವಿಯಲ್ಲೂ ಸಮಾರಂಭ ನೋಡಲಿಲ್ಲ. ಹಿಂದಿನ ವರ್ಷ ಅಮೆರಿಕದಲ್ಲಿ 2.36 ಕೋಟಿ ಇದ್ದ ವೀಕ್ಷಕರು 1 ಕೋಟಿಯ ಆಸುಪಾಸಿಗೆ ಇಳಿದರು.

ಮುಖಾಮುಖಿ ಕಾಲಂ ಈಗ ನನ್ನ ಶೀಟಿನಲ್ಲಿ ಮೊದಲನೆಯದು. ಮರುವರ್ಷ 'ದಿ ಪವರ್ ಆಫ್ ದಿ ಡಾಗ್' ಬಾಫ್ಟಾ, ಕ್ರಿಟಿಕ್ಸ್ ಚಾಯ್ಸ್ ಎಲ್ಲ ಬಾಚಿಕೊಂಡರೂ, ಮೂರೇ ನಾಮಿನೇಷನ್ ಇದ್ದ 'ಕೋಡಾ' ನಿರ್ಮಾಪಕರ ಸಂಘದ ಪಿಜಿಎ ಗೆದ್ದ ರಾತ್ರಿ ಪಟ್ಟಿ ಬದಲಿಸಿದೆ. ಯಾಕೆಂದರೆ ಪಿಜಿಎಯಲ್ಲೂ ಆಸ್ಕರ್ ಬೆಸ್ಟ್ ಪಿಕ್ಚರ್‌ನಲ್ಲೂ ಒಂದೇ ಹೆಸರು ಟಿಕ್ ಮಾಡುವುದಲ್ಲ, ಒಂದು, ಎರಡು, ಮೂರು ಅಂತ ಕ್ರಮ ಹಾಕಿ ಕೊಡಬೇಕು. ಎಷ್ಟೋ ಜನರ ಎರಡನೇ ಸ್ಥಾನದಲ್ಲಿರುವ ಸಿನಿಮಾ ಅಲ್ಲಿ ಮೇಲೆ ಬರುತ್ತೆ. ಆ ವರ್ಷದ ಊಟ ನನಗೆ ಸಿಕ್ಕಿತು.